ಹುಬ್ಬಳ್ಳಿಯಲ್ಲಿ ಮಾಡಿದ ಆಯೇರಿ

ಕುಷ್ಟಗಿ
ಗುರುವಾರ, 11 ಡಿಸೆಂಬರ್ 2025

ನನ್ನ ದಾನು,

ನಿನ್ನ ಹೆಸರಿನ ಹಿಂದೆ ಏನು ಬರೆಯಬೇಕೆಂದು ತಿಳಿಯದೆ ಪೆನ್ನು ಹಿಡಿದು ಬಹಳ ಹೊತ್ತು ಕುಳಿತೆ. ಕುಮಾರಿ ಎಂದು ಬರೆದರೆ ಸುಳ್ಳಾಗುತ್ತದೆ. ಸೌಭಾಗ್ಯವತಿ ಎಂದು ಬರೆದರೆ ನಿನಗೆ ನೋವಾಗುತ್ತದೆ. ಅದಕ್ಕೆ ಎರಡನ್ನೂ ಬಿಟ್ಟು ನನ್ನ ದಾನು ಎಂದಷ್ಟೇ ಬರೆದಿದ್ದೇನೆ. ಎಷ್ಟೇ ಸಿಟ್ಟು ಮಾಡಿಕೊಂಡರೂ ನೀನು ನನ್ನವಳು ಅನ್ನುವುದು ಸುಳ್ಳಾಗುವುದಿಲ್ಲವಲ್ಲ.

ನಾವು ಹುಬ್ಬಳ್ಳಿಯಿಂದ ಬಂದು ಇವತ್ತಿಗೆ ಹನ್ನೊಂದು ದಿನ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದ್ದು ಒಂದೇ ಸಲ, ಅವತ್ತೂ ‘ಡ್ಯೂಟ್ಯಾಗ ಅದೀನಿ, ಆಮ್ಯಾಲೆ ಮಾತಾಡ್ತೀನಿ’ ಅಂದು ಇಟ್ಟುಬಿಟ್ಟೆ. ಆ ಆಮ್ಯಾಲೆ ಇನ್ನೂ ಬಂದಿಲ್ಲ. ಇಡೀ ಗಂಗಾವತಿ ತಾಲೂಕಿನ ರಕ್ತವನ್ನು ಆಸ್ಪತ್ರೆಯ ಲ್ಯಾಬಿನಲ್ಲಿ ನೀನೊಬ್ಬಳೇ ಪರೀಕ್ಷೆ ಮಾಡುತ್ತಿದ್ದೀಯೇನು? ನನಗೂ ಸಿಟ್ಟು ಬರುತ್ತದೆ ಮಗಳೇ. ಆದರೆ ತಪ್ಪು ನನ್ನ ಕಡೆ ಇರುವುದರಿಂದ ಈ ಸಲ ನುಂಗಿಕೊಂಡಿದ್ದೇನೆ.

ಕಳೆದ ಗುರುವಾರ ಬಸ್ಸಿನಲ್ಲಿ ಕಳಿಸಿದ ರೊಟ್ಟಿ ಗಂಟನ್ನು ನೀನು ತಪ್ಪದೆ ಇಳಿಸಿಕೊಂಡೆ ಎಂದು ಕಂಡಕ್ಟರ್ ಹೇಳಿದ. ಅಂದರೆ ಸಿಟ್ಟು ನನ್ನ ಮೇಲೆ, ರೊಟ್ಟಿಯ ಮೇಲಲ್ಲ. ಅಷ್ಟರ ಮೇಲೆ ಧೈರ್ಯ ಮಾಡಿ ಈ ಪತ್ರವನ್ನು ಖಡಕ್ ರೊಟ್ಟಿಗಳ ನಡುವೆ ಇಟ್ಟು ಕಳಿಸುತ್ತಿದ್ದೇನೆ. ಎಣ್ಣೆ ಕಲೆ ಆಗಿದ್ದರೆ ಬೈಯಬೇಡ. ನಾನು ಪುಸ್ತಕದ ಭಾಷೆಯಲ್ಲಿ ಬರೆದಿದ್ದೇನೆ ಎಂದು ನಗಲೂ ಬೇಡ. ಏಳನೆಯ ಇಯತ್ತೆಯಲ್ಲಿ ಮಾಸ್ತರರು ಪತ್ರ ಎಂದರೆ ಹೀಗೇ ಬರೆಯಬೇಕು ಎಂದು ಬೆತ್ತ ಹಿಡಿದು ಕಲಿಸಿದ್ದು, ಇನ್ನೂ ಕೈಯಿಂದ ಹೋಗಿಲ್ಲ.

ಎರಡು ದಿನ ಖಾನಾವಳಿಯನ್ನು ಪಾರಮ್ಮನಿಗೆ ಒಪ್ಪಿಸಿ ಹುಬ್ಬಳ್ಳಿಗೆ ಬಾ ಎಂದು ನೀನು ಕರೆದಾಗ ನಾನು ಎಷ್ಟು ಕೂಗಾಡಿದೆ, ನೆನಪಿದೆಯಾ? ನಿಮ್ಮಪ್ಪ ತೀರಿಕೊಂಡ ವರ್ಷ ಹಚ್ಚಿದ ಒಲೆ ಅದು. ಇಪ್ಪತ್ತೆಂಟು ವರ್ಷ ನಾನಿಲ್ಲದೆ ಅಲ್ಲಿ ಯಾರ ತಾಟಿಗೂ ರೊಟ್ಟಿ ಬಿದ್ದಿಲ್ಲ. ಅದಕ್ಕೆ ನೀನು, ‘ಯವ್ವ, ಎರಡ ದಿನ ಯಾರಾರ ನಿನಗ ಬಡಿಸ್ಲಿ. ನೀ ಸುಮ್ನ ಕುಂತು ಉಣ್ಣು’ ಅಂದೆ. ಆ ಮಾತಿಗೆ ನಾನು ಕರಗಿಬಿಟ್ಟೆ. ನಮ್ಮ ಕುಷ್ಟಗಿಗೆ ರೈಲು ಬಂದ ಮೇಲೆ ನಾನು ಹತ್ತಿದ್ದು ಅದೇ ಮೊದಲು. ತಳಕಲ್ ದಾಟುವವರೆಗೂ ಪಾರಮ್ಮನಿಗೆ ಫೋನ್ ಹಚ್ಚಿ, ಬೇಳೆ ಇಟ್ಟಳಾ, ಬದನೆಕಾಯಿ ಹುಳುಕು ನೋಡಿ ಹೆಚ್ಚಿದಳಾ ಎಂದು ಕೇಳುತ್ತಿದ್ದೆ. ಕಡೆಗೆ ನೀನು ಫೋನನ್ನೇ ಕಸಿದುಕೊಂಡು ನಿನ್ನ ಚೀಲದಲ್ಲಿ ಹಾಕಿಕೊಂಡೆ. ಆಮೇಲೆ ಕಿಟಕಿಯಿಂದ ಹೊರಗೆ ನೋಡಿದೆ. ಕಡಲೆ ಹೊಲಗಳು ಹಸಿರಾಗಿ ನಿಂತಿದ್ದವು. ಇಷ್ಟು ವರ್ಷ ಅದೇ ಕಡಲೆಯನ್ನು ಚೀಲದಲ್ಲಿ ನೋಡಿದ್ದೇನೆಯೇ ಹೊರತು ಹೊಲದಲ್ಲಿ ನೋಡಿರಲಿಲ್ಲ ಅನ್ನಿಸಿತು.

ಸೀರೆ ಅಂಗಡಿಯ ವಿಷಯಕ್ಕೆ ನನಗೆ ಈಗಲೂ ನಗು ಬರುತ್ತದೆ. ಇಳಕಲ್ ಎಂದರೆ ನಮಗೆ ಬಸ್ಸು ಹತ್ತಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಬರುವ ಊರು. ಅದನ್ನು ಬಿಟ್ಟು ಹುಬ್ಬಳ್ಳಿಯವರೆಗೆ ಹೋಗಿ ಇಳಕಲ್ ಸೀರೆ ಕೊಂಡ ಜಾಣರು ನಾವಿಬ್ಬರೇ ಇರಬೇಕು. ನಾನು ಬೂದು ಬಣ್ಣದ್ದನ್ನು ಹಿಡಿದರೆ ನೀನು ಅದನ್ನು ಕಿತ್ತುಕೊಂಡು ದಾಳಿಂಬೆ ಬಣ್ಣದ್ದನ್ನು ನನ್ನ ಹೆಗಲಿಗೆ ಹಾಕಿದೆ. ಕನ್ನಡಿಯಲ್ಲಿ ನೋಡಿ, ‘ಎಷ್ಟ ಛಲೋ ಕಾಣ್ತಿ ನೋಡು’ ಅಂದೆ. ಹಾಗೆ ಅಂದು, ಸೆರಗು ಸರಿ ಮಾಡುತ್ತಾ, ‘ಯವ್ವ, ನಿನಗೊಂದು ಮಾತು ಹೇಳೋದಿತ್ತು’ ಎಂದು ಶುರು ಮಾಡಿದೆ. ಅಷ್ಟರಲ್ಲಿ ಅಂಗಡಿಯವನು ಚಹಾ ತಂದ. ನೀನು ಚಹಾದ ಜೊತೆ ಮಾತನ್ನೂ ಕುಡಿದುಬಿಟ್ಟೆ.

ಅಲ್ಲೇ ನಾನು ಯಲಬುರ್ಗಾದ ನಿಮ್ಮ ಪಂಪಾಪತಿ ಮಾಮಾನಿಗೆ ಒಂದು ಜರಿ ಪಟಗ ಕೊಂಡೆ. ಮದುವೆ ಮನೆಗಳಿಗೆ ಹೋದಾಗ ತಲೆಗೆ ಸುತ್ತಲು ಒಂದು ಚೆಂದದ ಪಟಗವಿಲ್ಲ ಎಂದು ಒಂದು ವರ್ಷದಿಂದ ನನ್ನ ತಲೆ ತಿನ್ನುತ್ತಿದ್ದ. ಈ ಪಟಗವೇ ಮುಂದೆ ನಮ್ಮಿಬ್ಬರ ನಡುವೆ ಜಗಳ ತಂದಿತು.

ಮಧ್ಯಾಹ್ನ ಆ ಎ.ಸಿ. ಹೋಟೆಲಿನಲ್ಲಿ ಉಂಡೆವಲ್ಲ, ಅಡುಗೆಯ ಬಗ್ಗೆ ನಾನು ಏನೂ ಬರೆಯುವುದಿಲ್ಲ. ಬರೆದರೆ ಪತ್ರ ಮುಗಿಯುವುದಿಲ್ಲ. ರೊಟ್ಟಿ ಎಂದು ತಂದಿಟ್ಟದ್ದು ದಿಂಬಿನಂತಿತ್ತು ಅಷ್ಟೇ ಹೇಳುತ್ತೇನೆ. ಉಂಡಾದ ಮೇಲೆ ಯಾವ ಧ್ಯಾನದಲ್ಲಿದ್ದೆನೋ, ನಿನ್ನ ತಾಟು ನನ್ನ ತಾಟು ಒಂದರ ಮೇಲೊಂದು ಇಟ್ಟುಕೊಂಡು ಅಡುಗೆಮನೆಯ ಬಾಗಿಲವರೆಗೆ ಹೋಗಿಬಿಟ್ಟೆ. ಬಡಿಸುವವನು, ನನ್ನಷ್ಟೇ ವಯಸ್ಸಿನವನು, ಓಡಿಬಂದು, ‘ಅಮ್ಮಾರ, ಇಡ್ರಿ ಇಡ್ರಿ, ನನ್ನ ಕೆಲಸ ಕಳೀತೀರೇನ್ರಿ’ ಎಂದು ಗೋಗರೆದ. ನಾನು ತಾಟು ಕೊಟ್ಟು, ‘ನಿಮ್ಮ ಊಟ ಆತೇನ್ರಿ?’ ಎಂದು ಕೇಳಿದೆ. ‘ಇಷ್ಟ ವರ್ಷದಾಗ ಗಿರಾಕಿ ಒಬ್ಬರೂ ಹಿಂಗ ಕೇಳಿಲ್ರಿ’ ಅಂದ. ತಿರುಗಿ ನೋಡಿದರೆ ನೀನು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದೆ. ಏಳು ವರ್ಷದ ಮೇಲೆ ನೀನು ಹಾಗೆ ನಕ್ಕದ್ದನ್ನು ನೋಡಿದೆ ದಾನು. ದಿಂಬಿನ ರೊಟ್ಟಿಯಾದರೇನು, ಆ ಊಟ ನನ್ನ ಜನ್ಮದಲ್ಲೇ ರುಚಿಯಾದ ಊಟ.

ಆಗಲೂ ನೀನು, ‘ಯವ್ವ, ಸಿಟ್ಟಾಗಂಗಿಲ್ಲಂದ್ರ ಒಂದ ಹೇಳ್ತೀನಿ’ ಎಂದೆ. ಬಡಿಸುವವನು ಐಸ್‌ಕ್ರೀಮ್ ತರಲೇ ಎಂದು ಬಂದ. ಮೂರನೆಯ ಸಲ ನಾಟಕಕ್ಕೆ ಹೋಗುವಾಗ ಆಟೋದಲ್ಲಿ. ಗದ್ದಲದಲ್ಲಿ ನನಗೆ ಕೇಳಿಸಿದ್ದು ಇಷ್ಟೇ: ನಾಟಕ ಮುಗಿದ ಮೇಲೆ ನಿನ್ನ ಗುರುತಿನವರೊಬ್ಬರು ಬರುತ್ತಾರೆ, ಎಲ್ಲರೂ ಕೂಡಿ ಊಟ ಮಾಡೋಣ ಎಂದು. ನಿನ್ನ ಕೈ ನನ್ನ ಕೈ ಮೇಲಿತ್ತು, ತಣ್ಣಗಾಗಿತ್ತು. ನಾನು ಯಾರು ಎಂದು ಕೇಳಲಿಲ್ಲ, ನೀನೂ ಹೇಳಲಿಲ್ಲ.

ಇನ್ನು ನಾಟಕ. ಗಂಗಾವತಿಯ ತಂಡದ ನಾಟಕವನ್ನು ನೋಡಲು ಗಂಗಾವತಿಯವಳು ನನ್ನನ್ನು ಹುಬ್ಬಳ್ಳಿಗೆ ಏಕೆ ಕರೆದುಕೊಂಡು ಹೋದಳು ಎಂದು ನಾನು ಅಲ್ಲಿ ಕೇಳಬಹುದಿತ್ತು. ಕೇಳಲಿಲ್ಲ. ಒಳಗೆ ಹೋದರೆ ಕತ್ತಲು. ಪರದೆ ಇಲ್ಲ, ಬಾರಿಸುವ ಪೇಟಿ ಇಲ್ಲ, ನಗಿಸುವವರಿಲ್ಲ. ಒಂದು ಮಂಚ, ಒಂದು ಒಲೆ. ಊರು ಬಿಟ್ಟು ಹೋದ ಮುದುಕ ಎಷ್ಟೋ ವರ್ಷದ ಮೇಲೆ ತನ್ನ ಮನೆಗೇ ಬರುತ್ತಾನೆ. ಅಲ್ಲಿರುವ ಮೊಮ್ಮಗಳಿಗೆ ಅವನ ಗುರುತಿಲ್ಲ. ಯಾರೋ ಹಸಿದವನು ಎಂದು ಎರಡು ರೊಟ್ಟಿ, ಹಚ್ಚಿಕೊಳ್ಳಲು ಒಂದಿಷ್ಟು ಶೇಂಗಾ ಹಿಂಡಿ ಹಾಕುತ್ತಾಳೆ. ಅವನು ಮಾತಿಲ್ಲದೆ ಉಣ್ಣುತ್ತಾನೆ. ಸುಳ್ಳು ಸುಳ್ಳೇ ಬಾಯಾಡಿಸುವುದಲ್ಲ, ನಿಜವಾದ ರೊಟ್ಟಿಯನ್ನೇ ಉಂಡ. ಯಾರ ಮಗನೋ ಏನೋ, ಬಿಳಿ ಗಡ್ಡ ಅಂಟಿಸಿಕೊಂಡಿದ್ದ, ಆದರೆ ಅವನು ರೊಟ್ಟಿ ಮುರಿದ ರೀತಿ ನೋಡಿ ನಾನು ಕುರ್ಚಿಯ ತುದಿಗೆ ಸರಿದು ಕುಳಿತೆ. ಕಡೆಯ ತುಣುಕಿನಿಂದ ತಾಟನ್ನು ಒರೆಸಿ, ತಾಟು ಸ್ವಲ್ಪ ಎತ್ತಿ, ಏನಾದರೂ ಉಳಿದಿದೆಯಾ ಎಂದು ನೋಡಿದ. ಎಲ್ಲರೂ ಉಸಿರು ಹಿಡಿದು ಕುಳಿತಿದ್ದರು. ನಾನು ಮಾತ್ರ ಚೀಲಕ್ಕೆ ಕೈ ಹಾಕಿ, ಪಟಗ ತೆಗೆದುಕೊಂಡು ಎದ್ದೆ.

‘ಯವ್ವ, ಎಲ್ಲಿ ಹೊಂಟಿ? ಬಾತ್‌ರೂಮ್ ಆ ಕಡಿ ಐತಿ’ ಎಂದು ನೀನು ನನ್ನ ಸೆರಗು ಹಿಡಿದೆ. ಬಿಡಿಸಿಕೊಂಡು ಸ್ಟೇಜಿನ ಮೆಟ್ಟಿಲು ಹತ್ತಿದೆ. ಅವನ ತಲೆಯ ಮೇಲೆ ಪಟಗ ಇಟ್ಟೆ. ಇಟ್ಟು, ಮೈಕಿನಲ್ಲಿ ಹೆಸರು ಕೂಗಲಿ ಎಂದು ಕಾದೆ. ಯಾರೂ ಕೂಗಲಿಲ್ಲ. ಇವರಿಗೆ ಇಷ್ಟೂ ಗೊತ್ತಿಲ್ಲವೇ ಎಂದುಕೊಂಡು ನಾನೇ ಕೂಗಿದೆ. ‘ಈ ಪಾತ್ರಧಾರಿಗೆ ಕುಷ್ಟಗಿ ಶಿವಬಸಮ್ಮ ಖಾನಾವಳಿಯವರಿಂದ, ಮತ್ತ ಮಗಳು ದಾನೇಶ್ವರಿಯಿಂದ, ಒಂದು ಜರಿ ಪಟಗದ ಆಯೇರಿ!’

ಮಂದಿ ನಕ್ಕರು. ಹಿಂದಿನಿಂದ ಯಾರೋ ಸಿಳ್ಳೆ ಹೊಡೆದರು. ಕರಿ ಅಂಗಿಯವನೊಬ್ಬ ಪಕ್ಕದಿಂದ ಓಡಿಬಂದು ನನ್ನನ್ನು ಇಳಿಸಲು ನೋಡಿದ. ಆ ಪಾತ್ರಧಾರಿ ಅವನಿಗೆ ಕೈಸನ್ನೆ ಮಾಡಿ ತಡೆದು, ಬಗ್ಗಿ ನನ್ನ ಕಾಲು ಮುಟ್ಟಿದ, ಏಳುವಾಗ ನನಗಷ್ಟೇ ಕೇಳುವಂತೆ ಒಂದು ಮಾತು ಅಂದ. ಆಮೇಲೆ ಪಟಗವನ್ನು ತಲೆಯ ಮೇಲೆ ಹಾಗೇ ಇಟ್ಟುಕೊಂಡು ನಾಟಕ ಮುಂದುವರಿಸಿದ. ಜನ ಚಪ್ಪಾಳೆ ತಟ್ಟಿದರು. ನಾನು ಖುಷಿಯಿಂದ ಇಳಿದು ಬಂದೆ. ನಿನ್ನ ಕುರ್ಚಿ ಖಾಲಿ ಇತ್ತು.

ನೀನು ಹೊರಗೆ ಮೆಟ್ಟಿಲ ಹತ್ತಿರ ನಿಂತಿದ್ದೆ. ‘ನನ್ನ ಹೆಸರು ಯಾಕ ಕೂಗಿದಿ? ಅಲ್ಲಿ ನನ್ನ ಗುರ್ತಿನ ಮಂದಿ ಎಷ್ಟ ಇದ್ರು ಗೊತ್ತೈತೇನು ನಿನಗ? ಎಲ್ಲಾ ಕೆಡಿಸಿಬಿಟ್ಟಿ ಯವ್ವ, ಎಲ್ಲಾ’ ಅಂದೆ. ಊಟಕ್ಕೆ ಬರುವವರಿಗೆ ಬರಬೇಡಿ ಎಂದು ನೀನು ಫೋನಿನಲ್ಲೇ ಬರೆದು ಹಾಕಿದೆ. ಕೂಡಿ ಉಣ್ಣುವ ಊಟ ಹೋಯಿತು. ಮರುದಿನ ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿದ ಮುಖ ಈ ಕಡೆ ತಿರುಗಲಿಲ್ಲ. ಕುಷ್ಟಗಿಯಲ್ಲಿ ಇಳಿದವಳು ಮನೆಗೆ ಬಂದು ಒಂದು ಲೋಟ ನೀರು ಕುಡಿಯದೆ ಗಂಗಾವತಿ ಬಸ್ಸು ಹತ್ತಿದೆ.

ದಾನು, ಸಿಟಿಯ ನಾಟಕದಲ್ಲಿ ನಡುವೆ ಎದ್ದು ಹೋಗಬಾರದು ಎಂದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಾನು ಬೇಕೆಂದೇ ನಾಟಕ ನಿಲ್ಲಿಸಿದೆ ಎಂದು ಮಾತ್ರ ತಿಳಿಯಬೇಡ. ನೀನು ಚಿಕ್ಕವಳಿದ್ದಾಗ ನಾಟಕದ ಕಂಪನಿ ನಮ್ಮೂರಲ್ಲಿ ಎರಡು ಎರಡು ತಿಂಗಳು ಕ್ಯಾಂಪ್ ಹಾಕುತ್ತಿತ್ತಲ್ಲ, ಅವರೆಲ್ಲ ನಮ್ಮಲ್ಲೇ ಉಣ್ಣುತ್ತಿದ್ದರು. ಮಾಲೀಕರು ನನಗೆ ಮುಂದಿನ ಸಾಲಿನ ಪಾಸು ಕೊಡುತ್ತಿದ್ದರು. ಪಾತ್ರ ಮನಸ್ಸಿಗೆ ಹಿಡಿಸಿತೆಂದರೆ ಅಲ್ಲೇ ಎದ್ದು ಹೋಗಿ, ಇದ್ದದ್ದನ್ನು, ಬಟ್ಟೆಯಾದರೆ ಬಟ್ಟೆ, ನೋಟಾದರೆ ನೋಟು, ಆಯೇರಿ ಮಾಡಿ ಬರುವುದು. ಪಾತ್ರಧಾರಿ ಅಳುತ್ತಿದ್ದರೂ ಅಳು ನಿಲ್ಲಿಸಿ ಕೈಮುಗಿದು ಮತ್ತೆ ಅಳುತ್ತಿದ್ದ. ನಮ್ಮ ಹೆಸರನ್ನು ಮೈಕಿನಲ್ಲಿ ಮೂರು ಸಲ ಕೂಗುತ್ತಿದ್ದರು. ಸುಳ್ಳೇಕೆ, ಆ ಕೂಗು ಕೇಳುವ ಆಸೆಗೇ ನಾನು ಎಷ್ಟೋ ಸಲ ಎದ್ದು ಹೋಗಿದ್ದೇನೆ. ಮೆಚ್ಚಿದ್ದನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಸುಮ್ಮನೆ ಕುಳಿತರೆ ಅದು ಆ ಕಲಾವಿದನಿಗೆ ಅವಮಾನ ಎಂದು ತಿಳಿದವಳು ನಾನು. ಅಲ್ಲಿ ಮೆಚ್ಚಿದವರೆಲ್ಲ ಕೈಕಟ್ಟಿ ಕತ್ತಲಲ್ಲಿ ಕುಳಿತಿದ್ದರು. ಅದೇ ಅಲ್ಲಿನ ರೀತಿ ಎಂದು ನನಗೆ ಹೇಗೆ ತಿಳಿಯಬೇಕು? ಆದರೂ ನಿನ್ನ ಮುಖ ಬಾಡಿಸಿದ್ದು ನನ್ನ ತಪ್ಪೇ. ತಪ್ಪಾಯಿತವ್ವ. ಹೊಟ್ಟೆಗೆ ಹಾಕಿಕೋ.

ಇಷ್ಟು ಬರೆದು ಪತ್ರ ಮುಗಿಸಬೇಕೆಂದಿದ್ದೆ. ಆದರೆ ನೀನು ಹನ್ನೊಂದು ದಿನ ಮಾತು ಬಿಟ್ಟಿರುವುದು ಪಟಗದ ಕಾರಣಕ್ಕಲ್ಲ ಎಂದು ನನಗೂ ಗೊತ್ತು. ಮೂರು ಸಲ ನಿನ್ನ ಬಾಯಿಯವರೆಗೆ ಬಂದ ಮಾತು ಮೂರು ಸಲವೂ ಏಕೆ ಒಳಗೆ ಹೋಯಿತು? ಚಹಾ, ಐಸ್‌ಕ್ರೀಮ್, ಆಟೋ ಇವೆಲ್ಲ ನೆಪ. ನಿನಗೆ ನನ್ನ ಹೆದರಿಕೆ. ಹೆದರುವಂತೆ ಮಾಡಿದವಳು ನಾನೇ.

ನಿನಗೆ ಆ ಗಂಡನನ್ನು ಹುಡುಕಿದ್ದು ನಾನು. ಶ್ರೀರಾಮನಗರದ ಕಡೆ ಕಾಲುವೆ ನೀರಿನ ಎಂಟು ಎಕರೆ ಭತ್ತದ ಗದ್ದೆ, ಮಾಳಿಗೆ ಮನೆ. ಅಷ್ಟನ್ನೇ ನೋಡಿದೆ, ಹುಡುಗನನ್ನು ನೋಡಲಿಲ್ಲ. ಇಷ್ಟು ವರ್ಷ ಗಂಡಸರು ಉಣ್ಣುವುದನ್ನು ಎದುರು ನಿಂತು ನೋಡಿದವಳು ನಾನು. ಉಪ್ಪು ಕಡಿಮೆಯಾದರೆ ಯಾರು ಕೇಳಿ ಹಾಕಿಸಿಕೊಳ್ಳುತ್ತಾರೆ, ಯಾರು ಪಾರಮ್ಮನ ಮೇಲೆ ಕೂಗುತ್ತಾರೆ, ಪಕ್ಕದವನ ತಾಟು ಖಾಲಿ ಇದ್ದರೆ ಯಾರು ತನ್ನ ರೊಟ್ಟಿ ಆ ಕಡೆ ಸರಿಸುತ್ತಾರೆ, ಇವೆಲ್ಲ ನೋಡಿಯೇ ನಾನು ಮನುಷ್ಯರನ್ನು ಅಳೆಯುತ್ತೇನೆ, ತಪ್ಪಿದ್ದು ಕಡಿಮೆ. ಅವನೊಬ್ಬನನ್ನು ಮಾತ್ರ ಎಲೆಯ ಮುಂದೆ ಕೂರಿಸಿ ನೋಡಲಿಲ್ಲ. ನೋಡಲು ಬಂದ ದಿನ ಎರಡು ಚಮಚ ಉಪ್ಪಿಟ್ಟು ತಿಂದು, ಕೆಲಸ ಇದೆ ಎಂದು ಎದ್ದು ಹೋದ. ಅವನು ತಾಟು ಎಸೆಯುವವನು ಎಂದು ತಿಳಿದದ್ದು ನೀನು ಮೊದಲ ಸಲ ಹಣೆ ಒಡೆದುಕೊಂಡು ಬಂದಾಗ. ಆಗ ನಾನು ‘ಹೊಂದಿಕೊಂಡು ಹೋಗಬೇಕವ್ವ’ ಎಂದು ವಾಪಸ್ ಕಳಿಸಿದೆ. ಎರಡನೆಯ ಸಲವೂ ಕಳಿಸಿದೆ.

ಮೂರನೆಯ ಸಲ ನೀನು ಖಾನಾವಳಿಯ ಹಿಂದಿನ ಬಾಗಿಲಿಗೆ ಬಂದು ನಿಂತದ್ದು ನಡುಮಧ್ಯಾಹ್ನ. ಊಟದ ಗದ್ದಲ. ನಿನ್ನ ಒಂದು ಕೆನ್ನೆ ಬಾತುಕೊಂಡಿತ್ತು. ನಾನು ಏನಂದೆ? ‘ಇನ್ನಾ ಹದಿನೆಂಟ ಮಂದಿ ಉಣ್ಣೋರದಾರ, ಒಳಗ ಕುಂದ್ರು, ಆಮ್ಯಾಲೆ ನೋಡೋಣು’ ಅಂದೆ. ನೀನು ಒಳಗೆ ಬಂದು, ಹಿಟ್ಟಿನ ಮುಂದೆ ಕುಳಿತು ರೊಟ್ಟಿ ಬಡಿಯಲು ಶುರು ಮಾಡಿದೆ. ಆ ಹದಿನೆಂಟು ಮಂದಿಗೂ ನೀನೇ ಬಡಿದೆ. ನಾನು ಆ ರೊಟ್ಟಿ ತೆಗೆದುಕೊಂಡು ಹೋಗಿ ಬಡಿಸಿದೆ ದಾನು, ಬಡಿಸಿದೆ. ನಿನ್ನ ಕೆನ್ನೆ ನೋಡಿದವಳು ಅವರ ತಾಟು ನೋಡುತ್ತಾ ಓಡಾಡಿದೆ. ಏಳು ವರ್ಷದಲ್ಲಿ ಆ ಮಧ್ಯಾಹ್ನ ನೆನಪಾಗದ ದಿನವಿಲ್ಲ. ಇದನ್ನು ನಿನ್ನ ಎದುರಿಗೆ ಹೇಳಲು ಬಾಯಿ ಬರಲಿಲ್ಲ, ಕಾಗದದ ಮೇಲೆ ಬರೆಯುತ್ತಿದ್ದೇನೆ.

ಕೋರ್ಟಿನಲ್ಲಿ ವಿಚ್ಛೇದನ ಆದ ಮೇಲೆ ನಾನು ಇನ್ನೊಂದು ತಪ್ಪು ಮಾಡಿದೆ. ಕಂಡಕಂಡವರ ಮುಂದೆಲ್ಲ, ‘ನಮ್ಮ ಮನ್ಯಾಗ ಇನ್ನ ಮದುವಿ ಅನ್ನೋ ಮಾತ ಎತ್ತಬ್ಯಾಡ್ರಿ’ ಎಂದು ಆಣೆ ಹಾಕಿ ಹೇಳಿದೆ. ಅದು ನನ್ನ ಮೇಲೆ ನನಗೇ ಇದ್ದ ಸಿಟ್ಟು, ನಿನ್ನ ಬಾಯಿಗೆ ಬೀಗವಾಯಿತು. ಆ ಆಣೆಯನ್ನು ಇವತ್ತು ಕೈಯಾರೆ ಬರೆದು ಮುರಿಯುತ್ತಿದ್ದೇನೆ. ನಿನ್ನ ಮನಸ್ಸಿನಲ್ಲಿ ಏನಿದೆಯೋ ನನಗೆ ತಿಳಿಯದು. ಏನಿದ್ದರೂ ಹೇಳು. ಈ ಸಲ ನಾನು ಮೊದಲು ಕೇಳಿಸಿಕೊಳ್ಳುತ್ತೇನೆ, ಕೆಲಸ ಆಮೇಲೆ.

ಗಂಟಿನಲ್ಲಿ ಮೂವತ್ತು ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಇವೆ. ಎಣ್ಣೆಗಾಯಿಯನ್ನು ಇವತ್ತೇ ಮುಗಿಸು. ದಾಳಿಂಬೆ ಸೀರೆಯನ್ನು ನಾನಿನ್ನೂ ಉಟ್ಟಿಲ್ಲ. ಪಾರಮ್ಮ ದಿನವೂ ಕೇಳುತ್ತಾಳೆ. ನೀನು ಬಂದ ದಿನ ಉಡುತ್ತೇನೆ ಎಂದಿದ್ದೇನೆ.

ನಿನ್ನ ಬಸ್ಸಿನ ಸಪ್ಪಳಕ್ಕೆ ಕಿವಿಗೊಟ್ಟು ಕುಳಿತಿರುವ,
ನಿನ್ನ ಅವ್ವ
ಶಿವಬಸಮ್ಮ

ತಾ.ಕ.: ಪತ್ರವನ್ನು ಮಡಚುವ ಮೊದಲು ಒಮ್ಮೆ ಓದಿ ನೋಡಿದೆ. ಇದರಲ್ಲಿ ಎರಡು ಸುಳ್ಳು ಬರೆದಿದ್ದೇನೆ. ಸುಳ್ಳು ಇಟ್ಟುಕೊಂಡು ರೊಟ್ಟಿ ಕಳಿಸಲು ಮನಸ್ಸಾಗಲಿಲ್ಲ.

ಆ ಪಾತ್ರಧಾರಿ ಯಾರ ಮಗನೋ ಏನೋ ಎಂದು ಬರೆದೆ. ನಿನ್ನ ಮನಸ್ಸಿನಲ್ಲಿ ಏನಿದೆಯೋ ತಿಳಿಯದು ಎಂದೂ ಬರೆದೆ. ಎರಡೂ ಸುಳ್ಳು. ಶ್ರಾವಣದಲ್ಲಿ ಒಂದು ಮಧ್ಯಾಹ್ನ ಅವನು ಒಬ್ಬನೇ ನಮ್ಮ ಖಾನಾವಳಿಗೆ ಬಂದಿದ್ದ. ಹೆಸರು ಗೋವಿಂದರಾಜ, ಗಂಗಾವತಿಯಲ್ಲಿ ಲೈನ್‌ಮನ್, ಕೆಲಸದ ಮೇಲೆ ಈ ಕಡೆ ಬಂದೆ ಎಂದ. ಮೂಲೆಯಲ್ಲಿ ಕುಳಿತು ಉಂಡ. ಪಕ್ಕದಲ್ಲಿ ಕುಳಿತ ಮುದುಕನಿಗೆ ಹಲ್ಲಿಲ್ಲ ಎಂದು ನೋಡಿ, ಅವನ ರೊಟ್ಟಿಯನ್ನು ಸಾರಿನಲ್ಲಿ ಮುರಿದು ಹಾಕಿಕೊಟ್ಟು ಆಮೇಲೆ ತಾನು ಉಂಡ. ಕಡೆಗೆ ತಾಟು ಒರೆಸಿ, ಎತ್ತಿ ನೋಡಿ, ತಾನೇ ತೊಳೆಯುವಲ್ಲಿಗೆ ಒಯ್ದಿಟ್ಟ. ಇಷ್ಟೇ ಆಗಿದ್ದರೆ ಯಾರೋ ಒಳ್ಳೆಯವನು ಎಂದು ಸುಮ್ಮನಾಗುತ್ತಿದ್ದೆ. ಹೋಗುವಾಗ, ‘ಅವ್ವಾರ, ಇದರಾಗ ನಾಕ ರೊಟ್ಟಿ, ಒಂದೀಟ ಹಿಂಡಿ ಕಟ್ಟಿಕೊಡ್ರಿ’ ಎಂದು ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಕೊಟ್ಟ. ತಿರುಗಿಸಿ ನೋಡಿದೆ. ತಳದಲ್ಲಿ ನನ್ನದೇ ಹೆಸರು. ಶಿವಬಸಮ್ಮ, ಕುಷ್ಟಗಿ ಎಂದು ನಾನೇ ಕೊರೆಸಿದ ಡಬ್ಬಿ. ಪ್ರತಿ ವಾರ ನಿನಗೆ ಹಿಂಡಿ ತುಂಬಿ ಕಳಿಸುವ ಡಬ್ಬಿಗಳಲ್ಲಿ ಒಂದು!

ಪಾಪ, ಅವನಿಗೆ ತಳ ನೋಡುವ ಬುದ್ಧಿ ಬಂದಿರಲಿಲ್ಲ. ನಾನು ಡಬ್ಬಿ ನೋಡಿದೆ, ಅವನ ಮುಖ ನೋಡಿದೆ. ನಾನು ಏನು ಓದುತ್ತಿದ್ದೇನೆ ಎಂದು ಆಗ ಅವನಿಗೆ ಹೊಳೆಯಿತು. ಕಿವಿಯವರೆಗೆ ಕೆಂಪಾದ. ಡಬ್ಬಿ ತುಂಬಿ, ಮೇಲೆ ಒಂದು ಮುಷ್ಟಿ ಹಿಂಡಿ ಹೆಚ್ಚಿಗೆ ಒತ್ತಿ ಕೊಟ್ಟೆ. ಅವನು ಇಲ್ಲಿಗೆ ಬಂದದ್ದು ನಿನಗೆ ಗೊತ್ತಿಲ್ಲದೆಯೇ ಇರಬೇಕು, ಗೊತ್ತಿದ್ದರೆ ನೀನು ಆ ಡಬ್ಬಿ ಒಯ್ಯಲು ಬಿಡುತ್ತಿದ್ದೆಯಾ? ಅವನನ್ನು ಬೈಯಬೇಡ. ನಿನ್ನನ್ನು ಕೇಳುವ ಮೊದಲು ನಿನ್ನ ತಾಯಿಯ ಕೈಯ ಅನ್ನ ಉಂಡು ಹೋಗಲು ಬಂದವನು ಅವನು.

ಅವತ್ತಿನಿಂದ ನೀನು ಹೇಳಲಿ ಎಂದು ಕಾದೆ. ಒಂದು ಸಲ ನಿನ್ನ ಪರವಾಗಿ ನಾನೇ ಮಾತಾಡಿ ನಿನ್ನ ಬಾಳು ಕೆಡಿಸಿದ್ದೇನೆ. ಈ ಸಲ ಮಾತು ನಿನ್ನ ಬಾಯಿಂದಲೇ ಬರಲಿ ಎಂದು ಹುಬ್ಬಳ್ಳಿಯಲ್ಲೂ ತುಟಿ ಬಿಗಿಹಿಡಿದು ಕುಳಿತೆ. ಆದರೆ ಆ ಬಿಳಿ ಗಡ್ಡದ ಮುದುಕ ತಾಟು ಎತ್ತಿ ನೋಡಿದನಲ್ಲ, ಗುರುತು ಸಿಕ್ಕಿಬಿಟ್ಟಿತು. ಪಕ್ಕದಲ್ಲಿ ನೀನು ಸೆರಗಿನ ಚುಂಗು ಹಿಂಡುತ್ತಿದ್ದೆ. ಬಾಯಿ ನನ್ನ ಮಾತು ಕೇಳಿತು, ಕೈ ಕೇಳಲಿಲ್ಲ. ನಾಟಕದ ನಡುವೆ ಎದ್ದದ್ದು ತಿಳಿಯದೆ ಮಾಡಿದ ತಪ್ಪು. ನಿನ್ನ ಹೆಸರು ಕೂಗಿದ್ದು ತಪ್ಪಲ್ಲ, ತಿಳಿದೇ ಕೂಗಿದ್ದು. ನಾಲ್ಕು ಮಂದಿಯ ಎದುರಿಗೆ, ದೀಪದ ಬೆಳಕಿನಲ್ಲಿ, ನಿನ್ನ ಹೆಸರಿನಿಂದ ಅವನ ತಲೆಗೆ ಪಟಗ ಇಡಬೇಕು ಅನ್ನಿಸಿತು, ಇಟ್ಟೆ.

ಕಾಲು ಮುಟ್ಟಿ ಏಳುವಾಗ ಅವನು ಅಂದದ್ದು ಇಷ್ಟು: ‘ಅವ್ವಾರ, ನಿಮ್ಮ ಡಬ್ಬಿ ಇನ್ನಾ ನನ್ನ ಹಂತೇಕ ಐತ್ರಿ.’

ಅವನು ನಮ್ಮವರ ಪೈಕಿ ಅಲ್ಲ ಎಂದು ಹೆಸರು ಕೇಳಿದಾಗಲೇ ತಿಳಿಯಿತು. ಸುಳ್ಳು ಹೇಳುವುದಿಲ್ಲ, ಎರಡು ದಿನ ನನಗೂ ನುಂಗಲು ಕಷ್ಟವಾಯಿತು. ಆಮೇಲೆ ಯೋಚನೆ ಮಾಡಿದೆ. ಇಷ್ಟು ವರ್ಷ ಯಾವ ಗಿರಾಕಿಗೂ ಜಾತಿ ಕೇಳಿ ತಾಟು ಹಾಕಿದವಳಲ್ಲ ನಾನು. ಇವನ ಜೊತೆ ಉಣ್ಣುತ್ತೇನೆ ಎಂದು ನನ್ನ ಮಗಳು ಆರಿಸಿದವನ ಜಾತಿ ಕೇಳಿದರೆ ನನಗೇ ನಾಚಿಕೆ. ಪಂಪಾಪತಿ ಮಾಮಾ ಎರಡು ದಿನ ಹಾರಾಡುತ್ತಾನೆ. ಮೂರನೆಯ ದಿನ ತನ್ನ ಪಟಗ ಎಲ್ಲಿ ಎಂದು ಕೇಳುತ್ತಾನೆ. ಮದುವೆ ಜವಳಿಗೆ ಹೋದಾಗ ಇನ್ನೊಂದು ತಂದರಾಯಿತು.

ಬರುವ ಭಾನುವಾರ ಇಬ್ಬರೂ ಬರ್ರಿ, ಡಬ್ಬಿ ತರಬೇಕೆಂದು ಹೇಳು. ಊಟದ ಹೊತ್ತಿಗೇ ಬರ್ರಿ, ಗದ್ದಲ ಇರುತ್ತದೆ ಎಂದು ಹಿಂದೆ ಮುಂದೆ ನೋಡಬೇಡ. ಹಿಂದಿನ ಬಾಗಿಲಿಗೆ ಬರಬೇಡ, ಮುಂದಿನ ಬಾಗಿಲಿಂದ ಬಾ. ಒಲೆಯ ಹತ್ತಿರ ಹೋಗಬೇಡ, ಪಂಖಾದ ಕೆಳಗೆ ಕೂತುಕೋ. ಮೊದಲು ನಿಮ್ಮಿಬ್ಬರಿಗೆ ಬಡಿಸುತ್ತೇನೆ. ಹದಿನೆಂಟು ಮಂದಿ ಇರಲಿ, ಎಂಬತ್ತು ಮಂದಿ ಇರಲಿ, ಈ ಸಲ ಗಿರಾಕಿಗಳು ಕಾಯಲಿ.